ಪಾಲಿಶ್ ಅಕ್ಕನ ಕಣ್ಣು

ಓಣಿಯವರೆಲ್ಲ ಅವಳನ್ನು ಪಾಲಿಶ್ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಯೇ ಗಂಡಹೆಂಡಿರ ಕಾರ್ಖಾನೆ. ಮೀನಿನ ತೊಟ್ಟಿ ಮಾಡುವ ಅಂಗಡಿಗೆ ಅಕ್ರಿಲಿಕ್ ಕೊಳವೆಗಳನ್ನು ಅಳತೆಗೆ ಕತ್ತರಿಸಿ ಕೊಡುವುದು ಕಸುಬು. ಕತ್ತರಿಸುವವನು ಗಂಡ, ನಯ ಮಾಡುವವಳು ಅವಳು. ದಪ್ಪ ಗಾಜಿನ ಮೇಲೆ ಮರಳು ಕಾಗದ ಹಾಸಿ, ನೀರು ಚಿಮುಕಿಸಿ, ಕೊಳವೆಯ ಬಾಯನ್ನು ಸುತ್ತಿಸುತ್ತಿ ಉಜ್ಜುತ್ತಿದ್ದಳು. ಮೊದಲು ಒರಟು ಕಾಗದ, ಆಮೇಲೆ ನುಣುಪಿನದು. ಕೊನೆಗೆ ಬಟ್ಟೆಗೆ ಪಾಲಿಶ್ ಹಚ್ಚಿ ತಿಕ್ಕಿದರೆ ಮಬ್ಬಾಗಿದ್ದ ಅಂಚು ನೀರಿನಂತೆ ತಿಳಿಯಾಗುತ್ತಿತ್ತು.

"ಆ ಕಾಗದ ಸ್ವಲ್ಪ ನಿನ್ನ ನಾಲಿಗೆಗೂ ಉಜ್ಜಿಕೊಳ್ಳೇ" ಎಂದು ಗಂಡ ಛೇಡಿಸುತ್ತಿದ್ದ.

"ನಿಮ್ಮ ತಲೆಗೆ ಉಜ್ಜಿದ್ದಾಯ್ತಲ್ಲ, ಹೊಳೀತಿದೆ" ಎಂದು ಆ ಬೋಳುತಲೆಯವನ ಬಾಯಿ ಮುಚ್ಚಿಸುತ್ತಿದ್ದಳು.

ಅಕ್ರಿಲಿಕ್ಕಿಗೆ ಅವಸರ ಆಗಿಬರದು. ಕರೆಂಟಿನ ಗರಗಸವನ್ನು ಒತ್ತಿದರೆ ಬಿಸಿಗೆ ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಇಲ್ಲವೇ ಸಿಡಿಯುತ್ತದೆ. ಗಂಡನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಆ ದಿನ ಅಂಗಡಿಯವನು ಬಾಗಿಲಲ್ಲೇ ನಿಂತು ಪ್ರಾಣ ಹಿಂಡುತ್ತಿದ್ದ. ಮೊಂಡಾಗಿದ್ದ ಅಲಗನ್ನು ಬದಲಿಸುವ ತಾಳ್ಮೆ ಗಂಡನಿಗಿರಲಿಲ್ಲ.

"ಕೊಳವೆ ಅಲ್ಲಾಡ್ತಿದೆ, ಹಿಡ್ಕೋ ಬಾ" ಎಂದ. ಅವಳು ರಕ್ಷಣೆಯ ಕನ್ನಡಕಕ್ಕೆ ಕೈಚಾಚಿದಳು. "ಒಂದು ನಿಮಿಷದ ಕೆಲಸಕ್ಕೆ ಅದೆಲ್ಲ ಯಾಕೆ, ಬಾರೇ" ಎಂದು ಗದರಿದ. ಗರಗಸ ಕಚ್ಚಿಕೊಂಡಿತು. ಕೊಳವೆ ಸಿಡಿದು ಒಂದು ಚೂರು ಅವಳ ಎಡಗಣ್ಣಿಗೆ ನಾಟಿತು.

ಆ ಕಣ್ಣಿನ ದೃಷ್ಟಿ ಹೋಯಿತು. ಕಣ್ಣನ್ನೇ ತೆಗೆಸಿಬಿಡುವುದು ಒಳ್ಳೆಯದು, ಇಲ್ಲವಾದರೆ ಅಪರೂಪಕ್ಕೆ ಅದರ ದೆಸೆಯಿಂದ ಇನ್ನೊಂದೂ ಕೆಡುತ್ತದೆ ಎಂದು ವೈದ್ಯೆ ಹೇಳಿದರು. "ಕಾಣದಿದ್ರೂ ಅದು ನನ್ನ ಕಣ್ಣು. ಇರ್ಲಿ ಬಿಡಿ" ಎಂದಳು.

ಅಂದಿನಿಂದ ಗಂಡ ಗರಗಸ ಮುಟ್ಟಲಿಲ್ಲ. ಗೋದಾಮೊಂದರಲ್ಲಿ ಪೆಟ್ಟಿಗೆ ಹೊರುವ ಕೆಲಸ ಹಿಡಿದ. ಅವಳು ಗರಗಸದ ಯಂತ್ರ ಹಾಕುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ. ಕತ್ತರಿಸುವುದೂ ಅವಳ ತಲೆಗೇ ಬಿತ್ತು. ಒಂಟಿಗಣ್ಣಿಗೆ ದೂರ ಹತ್ತಿರ ತಿಳಿಯದೆ ಮೊದಮೊದಲು ಸಾಕಷ್ಟು ಕೊಳವೆ ಹಾಳಾದವು. ಆಮೇಲೆ ಸುತ್ತ ಕಾಗದದ ಪಟ್ಟಿ ಅಂಟಿಸಿ, ಅದರ ಅಂಚಿನಗುಂಟ ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತ ಕೊಯ್ಯುವುದನ್ನು ಕಲಿತಳು. ಮಾತು ಕಡಿಮೆಯಾಯಿತು. ತಮಾಷೆಯಂತೂ ನಿಂತೇಹೋಯಿತು.

ಒಂದು ಸಂಜೆ ಅತ್ತೆ ತನ್ನ ಮಗನನ್ನು ತರಾಟೆಗೆ ತೆಗೆದುಕೊಂಡದ್ದು ಅವಳ ಕಿವಿಗೆ ಬಿತ್ತು.

"ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೋ?"

"ಹೇಳಿದ್ರೆ ಕಣ್ಣು ಬರುತ್ತೇನಮ್ಮ?"

ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಆ ಮಾತಿಗಾಗಿ ಅವಳು ಕಾಯುತ್ತಿದ್ದಳು.

ವರ್ಷ ತುಂಬುವುದರೊಳಗೆ ಬಲಗಣ್ಣು ಕೆಂಪಾಯಿತು, ಬೆಳಕು ಚುಚ್ಚತೊಡಗಿತು. ಮರಳು ಕಾಗದದ ಪುಡಿ ಬಿದ್ದಿರಬೇಕೆಂದು ತೊಳೆದುಕೊಂಡು ಸುಮ್ಮನಾದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಲ ಮಿಂಚಿತ್ತು. ಔಷಧಿಗಳು ಫಲ ಕೊಡಲಿಲ್ಲ. ಕೊನೆಗೆ ಉಳಿದದ್ದು ಹಗಲು ಯಾವುದು, ಇರುಳು ಯಾವುದು ಎನ್ನುವಷ್ಟು ಮಾತ್ರ.

ಕೆಲವು ದಿನ ಮನೆ ಮಸಣದಂತಿತ್ತು. ಆಮೇಲೊಂದು ಬೆಳಿಗ್ಗೆ ಗೋದಾಮಿಗೆ ಹೊರಡುವ ಗಂಡನ ಚಪ್ಪಲಿ ಸದ್ದು ಕೇಳಿಸಲಿಲ್ಲ. ಅದರ ಬದಲು ಗರಗಸ ಗುರ್ ಎಂದಿತು. ಅವಳು ತಟ್ಟನೆ ಎದ್ದಳು. ಗೋಡೆ ಹಿಡಿದು ಹಿಂದಿನ ಕೋಣೆಗೆ ಬಂದಳು. ಸದ್ದು ನಿಂತಿತು. ಗಂಡ ಅವಳನ್ನು ಮಣೆಯ ಮೇಲೆ ಕೂರಿಸಿ, ಕತ್ತರಿಸಿದ ಕೊಳವೆಯನ್ನು ಕೈಗಿಟ್ಟ. ಅವಳು ಅಂಚಿನ ಸುತ್ತ ಬೆರಳಾಡಿಸಿದಳು.

"ಇಲ್ಲಿ ಅಂಚು ಹಲ್ಲುಹಲ್ಲಾಗಿದೆ. ಅವಸರ ಮಾಡಿದ್ರಾ?"

"ಇಲ್ಲ ಕಣೇ, ಕೈಗೆ ರೂಢಿ ತಪ್ಪಿದೆ" ಎಂದ. ಮತ್ತೇನನ್ನೋ ಹೇಳಹೊರಟವನು ಗಾಜಿನ ಮೇಲೆ ಮರಳು ಕಾಗದ ಹಾಸಿ ಅವಳ ಮುಂದೆ ಸರಿಸಿದ.

ಅವಳು ಬಿಡಿಸಿ ಕೇಳಲಿಲ್ಲ. ಕಾಗದಕ್ಕೆ ನೀರು ಚಿಮುಕಿಸಿ ಉಜ್ಜತೊಡಗಿದಳು. ಬೆರಳಿಗೆ ನುಣುಪು ತಿಳಿಯುತ್ತಿತ್ತು, ಹೊಳಪು ತಿಳಿಯುತ್ತಿರಲಿಲ್ಲ. ಮುಗಿದ ಮೇಲೆ ಕೊಳವೆಯನ್ನು ಅವನತ್ತ ಚಾಚಿದಳು.

"ತಿಳಿಯಾಯ್ತಾ ನೋಡಿ."

ಒಂದು ಬದಿ ಇನ್ನೂ ಮಂಜಾಗಿಯೇ ಇತ್ತು. "ಆಯ್ತು, ಚೆನ್ನಾಗಾಗಿದೆ" ಎಂದ.

ಮುಂದಿನ ವಾರ ಅಂಗಡಿಯವನು ಮಬ್ಬಾಗಿವೆ ಎಂದು ಅರ್ಧಕ್ಕರ್ಧ ಕೊಳವೆಗಳನ್ನು ಹಿಂದಕ್ಕೆ ಕಳಿಸಿದ. ಗಂಡ ಅವಳಿಗೆ ಹೇಳಲಿಲ್ಲ. ಮಧ್ಯಾಹ್ನ ಅವಳು ಮಲಗಿದ ಮೇಲೆ ಕದ ಮುಚ್ಚಿಕೊಂಡು, ಸದ್ದಾಗದ ಹಾಗೆ ಒಂದೊಂದನ್ನೇ ಉಜ್ಜಿದ.