ಖಾಲಿ ಹಳದಿ ಚೀಟಿಗಳು

ಆಫೀಸಿನಲ್ಲಿ ಅವಳಿಗೆ ಚೀಟಿ ಅಕ್ಕ ಎಂದು ಹೆಸರು ಬಿದ್ದಿತ್ತು. ಬೆನ್ನ ಹಿಂದೆ ಕರೆಯುವ ಹೆಸರು ಅವಳ ಕಿವಿಗೂ ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. ಹನ್ನೊಂದು ವರ್ಷ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಕಣ್ಣು ಸವೆಸಿಕೊಂಡವಳಿಗೆ ಈಗ ತಂಡದ ಸಭೆ ನಡೆಸುವ ಕೆಲಸ. ಎರಡು ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ, ತಂಡದ ಏಳು ಜನ ಕೂತು ಏನು ಸರಿಹೋಯಿತು, ಏನು ಕೆಟ್ಟಿತು ಎಂದು ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಅವಳು ಗೋಡೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿ, ಚೀಟಿಗಳನ್ನು ಕಿತ್ತು ಬುಟ್ಟಿಗೆ ಎಸೆಯುತ್ತಾಳೆ. ಆಮೇಲೆ ಆ ಫೋಟೋ ತೆರೆದು ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ.

ಈಚೆಗಂತೂ ಸಭೆ ಸಪ್ಪೆಯಾಗಿತ್ತು. ಒಬ್ಬ ಫೋನ್ ಉಜ್ಜುತ್ತಿದ್ದ, ಇನ್ನೊಬ್ಬಳು ಆಕಳಿಸುತ್ತಿದ್ದಳು. ಮೂಲೆಯಲ್ಲಿ ಕೂರುವ ಪ್ರೋಗ್ರಾಮರ್, ಎಲ್ಲರ ಬಾಯಲ್ಲಿ ಮೌನಿ, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸಭೆಯುದ್ದಕ್ಕೂ ಹಿಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವ ಮ್ಯಾನೇಜರ್ ಒಂದು ದಿನ ಅವಳನ್ನು ಕರೆಸಿದ.

"ಯಾರಿಗೂ ಆಸಕ್ತಿನೇ ಇಲ್ಲ ನೋಡಿ. ಏನಾದ್ರೂ ಆಟ ಆಡ್ಸಿ, ಕೇಕ್ ತರ್ಸಿ. ಈ ಶುಕ್ರವಾರನೂ ಹೀಗೇ ಆದ್ರೆ ಸಭೆನೇ ನಿಲ್ಲಿಸ್ಬಿಡೋಣ. ನೀವು ವಾಪಸ್ ಟೆಸ್ಟಿಂಗ್‌ಗೆ."

ಅವಳಿಗೆ ಮೈಯೆಲ್ಲ ಉರಿಯಿತು. ಸಂಸಾರಸ್ಥರ ಕೈಗೆ ಚೆಂಡು ಕೊಟ್ಟು ಕುಣಿಸಬೇಕಂತೆ!

ಮನೆಗೆ ಬಂದು ಮಗಳ ಮುಂದೆ ಕೂಗಾಡಿದಳು. "ಅಷ್ಟು ಕೇಳಿದ್ರೂ ಒಬ್ರೂ ಬಾಯಿ ಬಿಡಲ್ಲ ಕಣೇ!"

ಮಗಳು ತಟ್ಟೆಯಿಂದ ತಲೆಯೆತ್ತಲಿಲ್ಲ. "ಕೂದಲು ಎಷ್ಟು ಕತ್ತರಿಸ್ಲಿ ಅಂತ ನನ್ನ ಕೇಳ್ತೀಯಲ್ಲಮ್ಮ, ಹಾಗೇ. ಕೇಳೋದು ಕೇಳ್ತೀಯ, ಕತ್ತರಿಸೋದು ನಿನಗೆ ಬೇಕಾದಷ್ಟೇ. ನಾನು ಹೇಳೋದೇ ಬಿಟ್ಬಿಟ್ಟಿದೀನಿ."

ಆ ಮಾತು ನಾಟಿತು. ಮರುದಿನ ಬೆಳಿಗ್ಗೆ ಹಳೆಯ ಮೂವತ್ತೊಂದು ಫೋಟೋಗಳನ್ನೂ ತೆರೆದು ಕೂತಳು. ಮೊದಲನೆಯದರ ಮೂಲೆಯಲ್ಲಿ ಮೌನಿಯ ಪುಟ್ಟ ಅಕ್ಷರ: "ಗುರುವಾರ ಸಂಜೆ ಹೊಸ ಕೆಲಸ ತುರುಕಬೇಡಿ." ಎರಡನೆಯದರಲ್ಲೂ ಅದೇ. ಇಪ್ಪತ್ತೆರಡನೆಯದರವರೆಗೂ ಅದೇ ಮಾತು, ಅದೇ ಕೈ. ಅಲ್ಲಿಂದಾಚೆಗೆ ಅದೇ ಮೂಲೆಯಲ್ಲಿ ಖಾಲಿ ಚೀಟಿ. ಏನೂ ಬರೆಯದೆ ಅಂಟಿಸಿದ್ದ. ಅವಳೇ ಫೋಟೋ ತೆಗೆದಿದ್ದಳು, ಅವಳೇ ಕಿತ್ತೆಸೆದಿದ್ದಳು. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಶುಕ್ರವಾರ ಬೆಳಿಗ್ಗೆ ಕೆಲಸ ಒಪ್ಪಿಸಬೇಕಾದ ತಂಡಕ್ಕೆ ಗುರುವಾರ ಸಂಜೆ ಹೊಸದು ತಂದು ತುರುಕುವವನು ಯಾರೆಂದು ಇಡೀ ಆಫೀಸಿಗೆ ಗೊತ್ತು. ಅವನು ಹಿಂದಿನ ಸಾಲಿನಲ್ಲೇ ಕೂತಿರುತ್ತಾನೆ.

ಶುಕ್ರವಾರ ಆಟವೂ ಇಲ್ಲ, ಕೇಕೂ ಇಲ್ಲ. ಮೂವತ್ತೊಂದು ಫೋಟೋಗಳ ಪ್ರಿಂಟ್ ತೆಗೆದು ಗೋಡೆ ತುಂಬ ಅಂಟಿಸಿದ್ದಳು.

"ನೀವು ಬರೆದಿದ್ದನ್ನ ನಾನು ಓದ್ಲೇ ಇಲ್ಲ. ತಪ್ಪು ನಂದು. ಈ ಗುರುವಾರದ ವಿಷಯ ತೀರ್ಮಾನ ಆಗೋವರೆಗೂ ಹೊಸ ಚೀಟಿ ಇಲ್ಲ." ಹಿಂದಿನ ಸಾಲಿನ ಕಡೆ ತಿರುಗಿದಳು. "ಸರ್, ನೀವು ಹೊರಗೆ ಹೋಗ್ಬೇಕು."

"ನಾನಾ?"

"ನೀವೇ ಸರ್. ನೀವಿದ್ರೆ ಇವರು ಮಾತಾಡಲ್ಲ."

ಮ್ಯಾನೇಜರ್ ಕಾಫಿ ಲೋಟ ಹಿಡಿದು ದುಮುಗುಡುತ್ತ ಎದ್ದುಹೋದ. ಬಾಗಿಲು ಮುಚ್ಚಿದ ಮೇಲೆ ಮೌನಿ ಗೋಡೆಯ ಹತ್ತಿರ ಬಂದು ನಿಂತ.

"ಖಾಲಿ ಚೀಟಿನೂ ನೋಡಿದ್ರಾ ಅಕ್ಕ?"

"ಒಂಬತ್ತು," ಎಂದಳು.

ಅವನು ಮೊದಲ ಖಾಲಿ ಚೀಟಿಯ ಮೇಲೆ ಬೆರಳಿಟ್ಟ. ಆಮೇಲೆ ಶುರು ಮಾಡಿದ ನೋಡಿ, ಒಂದು ವರ್ಷದ ಮಾತು! ಉಳಿದವರೂ ಸೇರಿಕೊಂಡರು. ಗಂಟೆ ದಾಟಿದರೂ ಯಾರೂ ಏಳಲಿಲ್ಲ. ಕೊನೆಗೆ ತೀರ್ಮಾನ ಒಂದೇ: ಬುಧವಾರ ಮಧ್ಯಾಹ್ನದ ಮೇಲೆ ಬಂದ ಹೊಸ ಕೆಲಸ ಮುಟ್ಟುವುದಿಲ್ಲ. ಏಳೂ ಜನ ಸಹಿ ಹಾಕಿದರು.

ಸೋಮವಾರ ಮ್ಯಾನೇಜರ್ ಸಭೆಯನ್ನೇ ರದ್ದು ಮಾಡಿದ. ಅವಳನ್ನು ಕೆಳಗಿನ ಮಹಡಿಯ ಟೆಸ್ಟಿಂಗ್ ಸಾಲಿಗೆ ಕಳಿಸಿದ. ಇಷ್ಟಾದರೂ ಅವಳು ಬಗ್ಗುವ ಪೈಕಿಯಲ್ಲ. ಎರಡು ವಾರ ಕಳೆದು ಶುಕ್ರವಾರ ಬಂದಾಗ, ಯಾರು ಬರಲಿ ಬಿಡಲಿ ಎಂದು ಚೀಟಿಯ ಕಟ್ಟು ಹಿಡಿದು ಎಂದಿನ ಹೊತ್ತಿಗೆ ಮೆಟ್ಟಿಲು ಹತ್ತಿದಳು.

ಸಭೆಯ ಕೋಣೆಗೆ ಬೀಗ ಹಾಕಿತ್ತು. ಅದರ ಮುಂದೆ, ಕಾರಿಡಾರಿನಲ್ಲಿ, ಎಂಟು ಕುರ್ಚಿಗಳು. ಏಳರಲ್ಲಿ ಜನ ಕೂತಿದ್ದರು.

"ತಡ ಆಯ್ತಲ್ಲಕ್ಕ," ಎಂದು ರೇಗಿಸಿದ ಮೌನಿ. "ನಿನ್ನೆ ಸಂಜೆ ಸರ್ ಹೊಸ ಕೆಲಸ ತಂದಿದ್ರು. ಬುಧವಾರ ಮುಗೀತು ಸರ್, ಅಂದೆ."

ಅವಳು ಎಂಟನೆಯ ಕುರ್ಚಿಯಲ್ಲಿ ಕೂತಳು. ಅವನು ಕೈ ಚಾಚಿದ.

"ಚೀಟಿ ಕೊಡಿ. ಬರೆಯೋದು ತುಂಬ ಇದೆ."