ಚಿನ್ನಿ ಪುಡಿ ಮಾಡುತ್ತಿದ್ದವನು

ಪುಡಿಯಣ್ಣ ಮೊದಲ ಸಲ ಅಂಗಡಿ ಮೆಟ್ಟಿಲೇರಿದಾಗ ತಾನು ಯಾರು, ಏನು ಅಂತಲೂ ಹೇಳಲಿಲ್ಲ. "ಅಕ್ಕ, ಸೀದು ಕರಕಲಾದ ಪಾತ್ರೆ ಇದ್ರೆ ತನ್ನಿ" ಅಂದ.

ಅಂಗಡಿಯಾಕೆ ಹಾಲಿನ ಪಾತ್ರೆ ತಂದಿಟ್ಟಳು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ಪುಡಿ ತೆಗೆದು ಉಜ್ಜಿದ. ಪಾತ್ರೆಯ ತಳದಲ್ಲಿ ಅವಳ ಮುಖ ಕಾಣಿಸಿತು. ಪುಡಿಗೆ ಮಗಳ ಮುದ್ದಿನ ಹೆಸರಿಟ್ಟಿದ್ದ: ಚಿನ್ನಿ. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ತಾನೇ ಜರಡಿ ಹಿಡಿದು, ಪ್ರತಿ ಸೋಮವಾರ ಸೈಕಲ್ಲಿನಲ್ಲಿ ತಂದು ಅವಳ ಅಂಗಡಿಯ, ಊರಿನ ಬೇರೆ ಅಂಗಡಿಗಳ ಡಬ್ಬ ತುಂಬಿಸುತ್ತಿದ್ದ.

ಎರಡು ವರ್ಷಕ್ಕೆ ಆ ಬೀದಿಯಲ್ಲಿ ಪಾತ್ರೆ ಪುಡಿ ಅನ್ನುವ ಮಾತೇ ಮರೆತುಹೋಯಿತು. ಯಾರು ಮಾಡಿದ ಪುಡಿಯಾದರೂ ಅದು ಚಿನ್ನಿಯೇ.

"ನೋಡಿ ಅಕ್ಕ, ನಮ್ಮನೇಲಿ ಒಂದು ಲೋಟ ತೊಳೆಯಲ್ಲ, ಊರೋರ ಪಾತ್ರೆಯೆಲ್ಲ ನನ್ನ ಮಗಳೇ ಉಜ್ತಾಳೆ!" ಅಂತ ನಗುತ್ತಿದ್ದ.

ಒಂದು ಸೋಮವಾರ ಅವನು ಬರಲಿಲ್ಲ, ಜ್ವರವಂತೆ. ಬುಧವಾರಕ್ಕೆ ಡಬ್ಬ ಬರಿದಾಯಿತು. ಯಾರೋ ಗಾಡಿಯವನು ಅಗ್ಗಕ್ಕೆ ಇಳಿಸಿಹೋದ, ಹೆಸರಿಲ್ಲದ ಪುಡಿಯ ಮೂಟೆಯೊಂದು ಒಳಗಿತ್ತು. ದರ್ಜಿಯ ಹೆಂಡತಿ "ಅರ್ಧ ಕೆಜಿ ಚಿನ್ನಿ ಕೊಡಿ" ಅಂದಾಗ ಅಂಗಡಿಯಾಕೆ ಆ ಮೂಟೆಗೇ ಕೈಹಾಕಿದಳು. ಎಲ್ಲರೂ ಎಲ್ಲದಕ್ಕೂ ಚಿನ್ನಿ ಅನ್ನುವಾಗ ತಾನೇನು ಸುಳ್ಳು ಹೇಳಿದಂತಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಮೂರನೇ ದಿನ ದರ್ಜಿಯ ಹೆಂಡತಿ ಬೊಬ್ಬೆಯೆದ್ದ ಎರಡೂ ಕೈ ಚಾಚಿ ಬೀದಿಯಲ್ಲಿ ನಿಂತಳು. "ಚಿನ್ನಿಯಂತೆ ಚಿನ್ನಿ! ಆ ಪುಡಿಯಣ್ಣನ ಕೈ ಸೇದಿಹೋಗ! ಇನ್ನು ನಾನು ಗುಂಡಿ ಹೊಲಿಯೋದು ಹೇಗೆ?"

ಅಂಗಡಿಯಾಕೆಗೆ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ನಿಜ ಹೇಳಿದರೆ ನಾಳೆಯಿಂದ ಅಂಗಡಿಗೆ ಯಾರು ಬರುತ್ತಾರೆ?

ತಿಂಗಳೊಳಗೆ ಉಳಿದ ಅಂಗಡಿಯವರೆಲ್ಲ ಅವನ ಪುಡಿ ವಾಪಸು ಕಳಿಸಿದರು. ಜರಡಿ ಗೋಡೆಯ ಮೊಳೆಗೇರಿತು. ಶಾಲೆಯಲ್ಲಿ ಮಕ್ಕಳು "ಅವಳನ್ನ ಮುಟ್ಬೇಡ್ರೋ, ಕೈ ಸುಡುತ್ತೆ!" ಅಂತ ಅವನ ಮಗಳ ಪಕ್ಕ ಕೂರುವುದನ್ನೇ ಬಿಟ್ಟರು. ಕೊನೆಗೆ ಅವನು ಸಂಸಾರ ಕಟ್ಟಿಕೊಂಡು ಬೇರೆ ಊರಿನ ಇಟ್ಟಿಗೆ ಗೂಡಿಗೆ ಕೂಲಿಗೆ ಹೊರಟ.

ಹೊರಡುವ ಬೆಳಿಗ್ಗೆ ಅಂಗಡಿಗೆ ಬಂದ.

"ಎಲ್ರೂ ಬೈದ್ರು ಅಕ್ಕ. ನೀವೊಬ್ರೇ ಒಂದು ಮಾತೂ ಆಡ್ಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ."

ಆ ಮೂಟೆ, ಅರ್ಧ ಖಾಲಿಯಾಗಿ, ಅವಳ ಕಾಲ ಬಳಿಯೇ ಇತ್ತು. ಅವಳು ತಲೆ ಎತ್ತದೆ ತಕ್ಕಡಿ ತಟ್ಟೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅವನು ಹೋಗಲು ತಿರುಗಿದವನು ನಿಂತ. "ಅಕ್ಕ, ಅವತ್ತು ಆಯಮ್ಮಂಗೆ ಕೊಟ್ಟ ಪುಡಿ ಒಂಚೂರು ಉಳಿದಿದ್ರೆ ಕೊಡ್ತೀರಾ? ಎಲ್ಲಿ ತಪ್ಪು ಮಾಡ್ದೆ ಅಂತ ತಿಳ್ಕೋಬೇಕು."