ಬಾವನ ಗ್ಯಾರೇಜಿನಲ್ಲಿ ತಿಮ್ಮಪ್ಪನ ಫೋನು

ಶಿರಾಲಿಯ ತಿಮ್ಮಪ್ಪ ನಾಯ್ಕ ಗಾಡಿಯ ಕಾಯಿಲೆಯನ್ನು ಕಿವಿಯಿಂದ ಹಿಡಿಯುತ್ತಿದ್ದ. ಬಾನೆಟ್ ಎತ್ತಿ, ಒಂದು ಕೈಯನ್ನು ಪಕ್ಕಕ್ಕೆ ಊರಿ, ತಲೆ ಓರೆ ಮಾಡಿ ನಿಂತನೆಂದರೆ ಸುತ್ತ ಮಾತಾಡುತ್ತಿದ್ದವರು ತಾವಾಗಿಯೇ ಸುಮ್ಮನಾಗುತ್ತಿದ್ದರು. ಎರಡು ನಿಮಿಷ ಕಳೆದು ‘ಮೂರನೇ ಸಿಲಿಂಡರು’ ಎಂದೋ ‘ಬೆಲ್ಟಿನದ್ದು’ ಎಂದೋ ಹೇಳಿ ಸ್ಪ್ಯಾನರಿಗೆ ಕೈ ಹಾಕುತ್ತಿದ್ದ. ಹೇಳಿದ್ದು ತಪ್ಪುತ್ತಿದ್ದದ್ದು ಕಡಿಮೆ. ಹೊನ್ನಾವರದ ಟೆಂಪೋದವರು ದಾರಿಯಲ್ಲಿ ಸಿಗುವ ಹತ್ತು ಗ್ಯಾರೇಜು ದಾಟಿ ಅವನ ಹತ್ತಿರ ಬರುತ್ತಿದ್ದರು.

ಗ್ಯಾರೇಜು ಅವನದಲ್ಲ, ಬಾವ ಶ್ರೀಧರನದು. ಅಪ್ಪ ಮೊದಲೇ ಇರಲಿಲ್ಲ, ಅವ್ವ ತೀರಿಕೊಂಡಾಗ ತಿಮ್ಮಪ್ಪನಿಗೆ ಹದಿನಾರು ವರ್ಷ. ಅಕ್ಕ ಮಾದೇವಿ ಮದುವೆಯಾಗಿ ಆಗಲೇ ಐದು ವರ್ಷವಾಗಿತ್ತು. ಮನೆಯ ಬಾಗಿಲು ಹಾಕಿ, ಕೀಲಿಯನ್ನು ದಾಯಾದಿಗಳ ಕೈಗಿತ್ತು, ತಮ್ಮನನ್ನು ಬಸ್ಸು ಹತ್ತಿಸಿಕೊಂಡು ಗಂಡನ ಮನೆಗೆ ಕರೆತಂದಳು. ಶ್ರೀಧರ ಬೇಡವೆನ್ನಲಿಲ್ಲ. ಊಟ ಹಾಕಿದ, ಕೆಲಸ ಕಲಿಸಿದ, ಮುಂದೆ ಮದುವೆಯನ್ನೂ ಮಾಡಿಸಿದ. ಈಗ ನಲವತ್ತೆರಡರ ತಿಮ್ಮಪ್ಪ ಹೆಂಡತಿ ಮತ್ತು ಮಗಳು ಅಂಕಿತಾಳ ಜೊತೆ ಅದೇ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಇದ್ದಾನೆ. ಮನೆಗೂ ಗ್ಯಾರೇಜಿಗೂ ನಡುವೆ ಒಂದು ಬಾವಿಕಟ್ಟೆ ಮಾತ್ರ.

ಕಂಪ್ಯೂಟರಿನ ಕಾರುಗಳು ಹೆಚ್ಚಾದಂತೆ ಅವನ ಕಿವಿಗೆ ಕೆಲಸ ಕಡಿಮೆಯಾಯಿತು. ಇಂಜಿನ್ ಸದ್ದೇ ಮಾಡದು. ಏನಾದರೂ ಕೆಟ್ಟರೆ ಸ್ಟಿಯರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ, ಅಷ್ಟೇ. ಶ್ರೀಧರ ಹುಬ್ಬಳ್ಳಿಗೆ ಹೋಗಿ ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಒಂದು ಸ್ಕ್ಯಾನರ್ ತಂದ. ಅದಕ್ಕೆಂದೇ ಅಂಗಳದ ಮೂಲೆಯಲ್ಲಿ ಗಾಜಿನ ಕ್ಯಾಬಿನ್ ಕಟ್ಟಿಸಿದ. ಗಾಡಿ ಕ್ಯಾಬಿನ್ನಿನ ಪಕ್ಕಕ್ಕೆ ಬರುತ್ತಿತ್ತು, ಉದ್ದನೆಯ ವೈರು ಕಿಟಕಿಯಿಂದ ಒಳಗೆ ಹೋಗುತ್ತಿತ್ತು, ಪರದೆ ಶ್ರೀಧರನ ಕಡೆಗೆ ಮುಖ ಮಾಡಿರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನು ಹೊರಗೆ ಬಂದು ಇಂಥ ಸಾಮಾನು ಹೋಗಿದೆ ಎನ್ನುವನು. ತಿಮ್ಮಪ್ಪ ಅದನ್ನು ಬಿಚ್ಚಿ ಹೊಸದನ್ನು ಹಾಕಬೇಕು. ಮೆಷಿನ್ನು ಏನು ಹೇಳುತ್ತದೆ ಎಂದು ನೋಡಲು ಒಮ್ಮೆ ಒಳಗೆ ಹೋದಾಗ, ಅದೆಲ್ಲ ಇಂಗ್ಲಿಷಿನಲ್ಲಿರುತ್ತದೆ, ನಿನಗೆ ತಲೆನೋವು ಬೇಡ ಎಂದು ಬಾವ ನಗುತ್ತಲೇ ಬಾಗಿಲು ಎಳೆದುಕೊಂಡಿದ್ದ.

ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶ್ರೀರಾಮ ಮಾಸ್ತರರು ಒಮ್ಮೆ ಬ್ರೇಕ್ ಸರಿ ಮಾಡಿಸಿಕೊಳ್ಳಲು ಬಂದವರು ಸುಮ್ಮನೆ ಕೂರಲಾರದೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಪ್ಲಗ್ಗನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ ತಮ್ಮ ಫೋನು ತೆರೆದರು. ಇಂಜಿನ್ನಿನ ಶಾಖ, ತಿರುಗುವ ವೇಗ, ಬ್ಯಾಟರಿಯ ಬಲ ಎಲ್ಲ ಫೋನಿನಲ್ಲಿ ಕುಣಿಯತೊಡಗಿದವು. ಕಾರಿನ ಕಂಪ್ಯೂಟರು ನೆನಪಿಟ್ಟುಕೊಂಡ ತಪ್ಪುಗಳು ನಂಬರುಗಳಾಗಿ ಬರುತ್ತವೆ, ಆ ನಂಬರಿಗೆ ಅರ್ಥ ಹುಡುಕಿದರಾಯಿತು ಎಂದು ತರಗತಿಯಲ್ಲಿ ಹೇಳುವಂತೆಯೇ ಹೇಳಿದರು. ತಿಮ್ಮಪ್ಪ ಕೈಯಲ್ಲಿದ್ದ ಬ್ರೇಕ್ ಶೂ ಕೆಳಗಿಡುವುದನ್ನೂ ಮರೆತು ನೋಡಿದ.

ಭಟ್ಕಳದಲ್ಲಿ ಪಿಯುಸಿ ಓದುತ್ತಿದ್ದ ಅಂಕಿತಾ ಅಂಥದ್ದೇ ಪ್ಲಗ್ ತರಿಸಿಕೊಟ್ಟಳು. ನಂಬರುಗಳ ಅರ್ಥವನ್ನು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಳು. ತಿಂಗಳೊಳಗೆ ಅರವತ್ತು ಎಪ್ಪತ್ತು ನಂಬರು ಅವನ ಬಾಯಿಗೆ ಬಂದವು. ಟ್ರಯಲ್ ನೋಡುವ ನೆವದಲ್ಲಿ ಗಾಡಿಯನ್ನು ಮುರ್ಡೇಶ್ವರದ ಕ್ರಾಸಿನವರೆಗೆ ಒಯ್ದು, ಬದಿಗೆ ನಿಲ್ಲಿಸಿ, ಪ್ಲಗ್ ಸಿಕ್ಕಿಸಿ ನೋಡುತ್ತಿದ್ದ. ಬಾವನಿಗೆ ಹೇಳಬೇಕೆಂದು ಎರಡು ಸಲ ಹೊರಟು ಸುಮ್ಮನಾದ. ಹೇಳಿದರೆ ಪ್ಲಗ್ ಕೈಯಿಂದ ಹೋಗುತ್ತದೆ ಎನಿಸಿತ್ತು. ಫೋನಿನಲ್ಲಿ ಕಂಡ ನಂಬರನ್ನು ಕಿವಿಯಲ್ಲಿ ಕೇಳಿದ ಸದ್ದಿನ ಜೊತೆ ಹೊಂದಿಸಿ ನೋಡುವುದು ಅವನಿಗೆ ಸಂತೋಷ ಕೊಡುತ್ತಿತ್ತು. ನಂಬರು ನೋವಿರುವ ಜಾಗ ತೋರಿಸುತ್ತದೆ, ಕಾರಣವನ್ನು ಮಾತ್ರ ಕೈಯಿಟ್ಟೇ ಹುಡುಕಬೇಕು ಎಂಬುದನ್ನು ಅವನು ಯಾರೂ ಹೇಳದೆ ಕಂಡುಕೊಂಡ.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಫೋನಿನಲ್ಲಿ ಒಂದು ತೋರಿದರೆ ಕ್ಯಾಬಿನ್ನಿನಿಂದ ಬಂದ ಬಾವ ಇನ್ನೊಂದು ಹೇಳುತ್ತಿದ್ದ. ಮೊದಲ ಸಲ ತಾನೇ ತಪ್ಪು ಓದಿರಬೇಕು ಎಂದುಕೊಂಡ. ಎರಡನೇ ಸಲ ಅಂಕಿತಾಳಿಂದ ಓದಿಸಿದ. ಮೂರನೆಯದು ವಸಂತಿ ಸಿಸ್ಟರ್ ಕಾರು.

ವಸಂತಿಯ ಮನೆ ಕುಮಟಾದಲ್ಲಿ, ಕೆಲಸ ಭಟ್ಕಳದ ಒಂದು ಆಸ್ಪತ್ರೆಯಲ್ಲಿ. ದಿನವೂ ಶಿರಾಲಿ ದಾಟಿಯೇ ಹೋಗಬೇಕು. ಒಂದು ಬೆಳಿಗ್ಗೆ ಕಾರಿನ ಇದ್ದಬದ್ದ ದೀಪಗಳೆಲ್ಲ ಹತ್ತಿಕೊಂಡವು ಎಂದು ಗಾಬರಿಯಲ್ಲಿ ಬಂದಳು. ತಿಮ್ಮಪ್ಪ ನೋಡಿದರೆ ಬ್ಯಾಟರಿಯ ಒಂದು ಟರ್ಮಿನಲ್ ಸಡಿಲವಾಗಿತ್ತು. ಬಿಗಿ ಮಾಡಿ, ಫೋನಿನಿಂದ ನಂಬರುಗಳನ್ನು ಅಳಿಸಿ, ಕ್ರಾಸಿನವರೆಗೆ ಓಡಿಸಿ ತಂದ. ಒಂದು ನಂಬರೂ ತಿರುಗಿ ಬರಲಿಲ್ಲ. ಕಾರು ಅಂಗಳಕ್ಕೆ ಬಂದ ಮೇಲೆ ಶ್ರೀಧರ ವೈರು ಹಾಕಿ ನೋಡಿ, ಕಾರಿನ ಕಂಪ್ಯೂಟರೇ ಹೋಗಿದೆ, ಹುಬ್ಬಳ್ಳಿಗೆ ಕಳಿಸಬೇಕು, ನಾಲ್ಕು ದಿನ ಬೇಕು ಎಂದುಬಿಟ್ಟ. ಕಂಪ್ಯೂಟರಿನ ಪೆಟ್ಟಿಗೆಯನ್ನು ಬಿಚ್ಚಿದ್ದು ತಿಮ್ಮಪ್ಪನೇ. ಅದು ಎಲ್ಲಿಗೂ ಹೋಗಲಿಲ್ಲ. ನಾಲ್ಕು ದಿನ ಕ್ಯಾಬಿನ್ನಿನ ಮೇಲಿನ ಹಲಗೆಯಲ್ಲಿ ಹಳೆಯ ಪತ್ರಿಕೆ ಹೊದ್ದು ಕೂತಿತ್ತು. ಐದನೆಯ ದಿನ ಅದನ್ನೇ ಮತ್ತೆ ಕೂರಿಸಿದವನೂ ಅವನೇ. ಬಿಲ್ಲಿನಲ್ಲಿ ಮಾತ್ರ ಹುಬ್ಬಳ್ಳಿಯ ರಿಪೇರಿಯ ಹಣ ಸೇರಿತ್ತು.

ಕಾರು ಒಯ್ಯಲು ಬಂದ ವಸಂತಿ ಬ್ಯಾಗಿನಿಂದ ಹಲಸಿನ ಹಪ್ಪಳದ ಕಟ್ಟು ತೆಗೆದು ಅವನ ಕೈಗೆ ಕೊಟ್ಟಳು. ಹೊನ್ನಾವರದಲ್ಲಿ ಬಸ್ಸು ಬದಲಿಸಿ ಹೋಗಿ ಬರುವುದರಲ್ಲಿ ನಾಲ್ಕು ದಿನವೂ ಮಗು ಏಳುವ ಮೊದಲು ಮನೆ ಬಿಟ್ಟು ಅದು ಮಲಗಿದ ಮೇಲೆ ಮನೆ ಸೇರಿದೆ, ಹಾಲು ಕುಡಿಯುವ ಮಗು, ಪುಣ್ಯಕ್ಕೆ ನೀವು ಬೇಗ ಮಾಡಿಕೊಟ್ಟಿರಿ ಎಂದಳು. ಕಟ್ಟು ಹಿಡಿದುಕೊಂಡು ತಿಮ್ಮಪ್ಪ ತಲೆಯಾಡಿಸಿದ. ಇಷ್ಟು ವರ್ಷ ತಾನು ಬಿಚ್ಚಿದ್ದರಲ್ಲಿ ಎಷ್ಟು ಒಳ್ಳೆಯ ಸಾಮಾನು ಇದ್ದವೋ ಎಂಬ ಪ್ರಶ್ನೆ ಆ ದಿನದಿಂದ ಅವನ ತಲೆ ಕೊರೆಯತೊಡಗಿತು. ಬಾವ ಮೊದಲಿಗೆ ಮೆಷಿನ್ನಿನ ಭಾಷೆ ಅರ್ಥವಾಗದೆ, ಪರದೆಯ ಮೇಲೆ ಹೆಸರು ಕಂಡದ್ದನ್ನೆಲ್ಲ ಬದಲಾಯಿಸುತ್ತಿದ್ದನೇನೋ. ಗಾಜಿನೊಳಗಿಂದ ಹೇಳಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ ಎಂದು ಆಮೇಲೆ ತಿಳಿದಿರಬೇಕು.

ಒಂದು ಮಧ್ಯಾಹ್ನ ಮಾದೇವಿ ಬಾವಿಕಟ್ಟೆಯ ಹತ್ತಿರ ಬಂಗಡೆ ಮೀನು ಹೆಚ್ಚುತ್ತ ಕೂತಿದ್ದಳು. ತಿಮ್ಮಪ್ಪ ಎದುರು ಕುಕ್ಕರಗಾಲಲ್ಲಿ ಕೂತು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಸಿಸ್ಟರಿನ ಮಗುವಿನ ವಿಷಯದಿಂದ ಶುರು ಮಾಡಿದ. ಅವನು ಅರ್ಧ ಹೇಳುವುದರೊಳಗೆ ಅವಳ ಕೈ ನಿಂತಿತು.

“ನಂಗೆ ಗೊತ್ತಿಲ್ಲ ಅಂತ ಮಾಡಿದ್ಯಾ ತಮ್ಮ?” ಎಂದಳು.

ತಿಮ್ಮಪ್ಪ ಅಕ್ಕನ ಮುಖ ನೋಡಿದ. ಅವಳು ಮೀನಿನಿಂದ ಕಣ್ಣೆತ್ತಲಿಲ್ಲ.

“ನೀ ಬಾಯಿ ಬಿಟ್ರೆ ಅವ್ರು ನಿನ್ನ ಹೊರಗೆ ಹಾಕ್ಬಹುದು. ನಿನ್ನ ಕೈಯಲ್ಲಿ ಕೆಲಸ ಅದೆ, ನೀ ಎಲ್ಲಿಗಾದ್ರೂ ಹೋಗೂಕಾಗ್ತದೆ. ನಿನ್ನ ಕರ್ಕೊಂಡು ಬಂದವ್ಳು ನಾನು. ಆಮೇಲೆ ಈ ಮನೆಯಲ್ಲಿ ನಾ ಹೆಂಗೆ ಇರ್ಲಿ?”

ಅವನು ಎದ್ದು ಕೈತೊಳೆದುಕೊಂಡು ಗ್ಯಾರೇಜಿಗೆ ನಡೆದ. ಅಲ್ಲಿಂದ ಮುಂದೆ ಎರಡು ತಿಂಗಳು ಪ್ಲಗ್ಗನ್ನು ಮುಟ್ಟಲಿಲ್ಲ. ಮುಟ್ಟಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೊತ್ತುಕೊಂಡು ತಿರುಗಬೇಕು. ಆದರೆ ಗಾಡಿಗಳ ಸದ್ದಿಗೆ ಕಿವಿ ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಬಾವ ಎದುರಿಗೇ ಕೂರುತ್ತಿದ್ದ, ತನ್ನ ತಟ್ಟೆಯ ಮೀನಿನ ತುಂಡನ್ನು ಎತ್ತಿ ಅಂಕಿತಾಳಿಗೆ ಹಾಕುತ್ತಿದ್ದ, ಅವಳ ಪರೀಕ್ಷೆಯ ಬಗ್ಗೆ ಕೇಳುತ್ತಿದ್ದ. ಕೆಟ್ಟವನೆಂದು ಒಂದೇ ಸಲಕ್ಕೆ ಕೈಬಿಡುವಂತೆಯೂ ಅವನಿರಲಿಲ್ಲ.

ಬೀರಪ್ಪನ ಕಾರು ಬಂದದ್ದು ಆ ದಿನಗಳಲ್ಲಿ. ಬೀರಪ್ಪ ಬಾಡಿಗೆ ಕಾರಿನವನು. ವಾರಕ್ಕೆ ಮೂರು ದಿನ ಮುದುಕರೊಬ್ಬರನ್ನು ಡಯಾಲಿಸಿಸ್ಸಿಗೆ ಕುಮಟಾಕ್ಕೆ ಒಯ್ದು ತರುತ್ತಿದ್ದ. ಓಡುತ್ತ ಓಡುತ್ತ ಇಂಜಿನ್ ಗಪ್ಪನೆ ನಿಲ್ಲುತ್ತದೆ ಎಂಬುದು ಅವನ ದೂರು. ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಒಂದಿದೆ, ಅದು ಹೋಗಿದೆ ಎಂದು ಶ್ರೀಧರ ಎರಡು ಸಲ ಬದಲು ಮಾಡಿಸಿದ್ದ. ಎರಡನೇ ಸಲ ಹಾಕುವಾಗ ತಿಮ್ಮಪ್ಪನಿಗೆ ಮೊದಲ ಸಲ ಹಾಕಿದ ಹೊಸ ಸೆನ್ಸರ್ ಸರಿಯಿದ್ದದ್ದು ತಿಳಿದಿತ್ತು. ಬೇರೆ ಕಡೆ ಹುಡುಕೋಣ ಎಂದದ್ದಕ್ಕೆ ಬಾವ ಹೇಳಿದಷ್ಟು ಮಾಡು ಎಂದಿದ್ದ.

ಮೂರನೇ ಸಲ ಅದು ನಿಂತದ್ದು ಶರಾವತಿ ಸೇತುವೆಯ ನಟ್ಟನಡುವೆ. ಹಿಂದೆ ಲಾರಿಗಳ ಸಾಲು, ಹಿಂದಿನ ಸೀಟಿನಲ್ಲಿ ಚಿಕಿತ್ಸೆ ಮುಗಿಸಿ ಸುಸ್ತಾಗಿ ಒರಗಿದ್ದ ಮುದುಕರು. ಹೇಗೋ ಸ್ಟಾರ್ಟ್ ಆಯಿತು. ಬೀರಪ್ಪ ಮುದುಕರನ್ನು ಮನೆಗೆ ಬಿಟ್ಟು ನೇರವಾಗಿ ಗ್ಯಾರೇಜಿಗೆ ಬಂದ. ನಾಡಿದ್ದು ಮತ್ತೆ ಅವರನ್ನು ಒಯ್ಯಬೇಕು ಎಂದ. ಶ್ರೀಧರ ಕ್ಯಾಬಿನ್ನಿನಿಂದಲೇ, ಎರಡು ದಿನ ಬಿಟ್ಟು ಹೋಗು, ನೋಡೋಣ ಎಂದ.

ತಿಮ್ಮಪ್ಪ ಯೋಚಿಸಿ ಮಾಡಿದ್ದಲ್ಲ. ಗೋಡೆಯ ಗೂಡಿನಲ್ಲಿದ್ದ ಪ್ಲಗ್ ತಂದು ಸಿಕ್ಕಿಸಿದ, ಫೋನನ್ನು ಎಲ್ಲರಿಗೂ ಕಾಣುವಂತೆ ಮುಂದಿನ ಗಾಜಿನ ಕೆಳಗೆ ನಿಲ್ಲಿಸಿದ. ಇಂಜಿನ್ ಓಡುತ್ತಿತ್ತು, ವೇಗದ ಅಂಕಿ ಎಂಟುನೂರರ ಆಸುಪಾಸಿನಲ್ಲಿ ಆಡುತ್ತಿತ್ತು. ಸೆನ್ಸರಿನಿಂದ ಹೊರಟ ವೈರನ್ನು ಬೆರಳಲ್ಲಿ ಹಿಡಿದು ಗೇಣು ಗೇಣೇ ಅಲುಗಿಸುತ್ತ ಹೋದ. ಒಂದು ಕಬ್ಬಿಣದ ಪಟ್ಟಿಯ ಹತ್ತಿರ ಬಂದಾಗ ಅಂಕಿ ಸೊನ್ನೆಗೆ ಬಿತ್ತು, ಇಂಜಿನ್ ಕೆಮ್ಮಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿಸಿ ಅದೇ ಜಾಗ ಮುಟ್ಟಿದ, ಮತ್ತೆ ನಿಂತಿತು. ಪಟ್ಟಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿ ಒಳಗಿನ ತಾಮ್ರ ಕಾಣುತ್ತಿತ್ತು. ಸವೆದ ಭಾಗ ಕತ್ತರಿಸಿ, ಹೊಸ ತುಂಡು ಬೆಸೆದು, ಟೇಪು ಸುತ್ತಿ, ಪಟ್ಟಿಯಿಂದ ದೂರ ಕಟ್ಟಿದ. ಅರ್ಧ ತಾಸಿನ ಕೆಲಸ.

ಬೀರಪ್ಪ ಫೋನನ್ನೂ ವೈರಿನ ಸವೆದ ತುಂಡನ್ನೂ ನೋಡಿದ.

“ಹಂಗಾರೆ ಎರಡು ಸಲ ಸೆನ್ಸರ್ ತೆಗ್ದು ಹಾಕಿದ್ದು ಎಂತಕ್ಕೆ ಮಾರಾಯ? ನಿನ್ನ ಕೈಯಲ್ಲೇ ಹಾಕಿದ್ದಲ್ವಾ?”

ಶ್ರೀಧರ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದ. ಚಾದ ಲೋಟಗಳ ತಟ್ಟೆ ಹಿಡಿದು ಮಾದೇವಿ ಬಾವಿಕಟ್ಟೆ ದಾಟಿ ಬಂದವಳು ಅಲ್ಲೇ ನಿಂತಳು. ತಿಮ್ಮಪ್ಪ ಕೈ ಒರೆಸುವ ಬಟ್ಟೆಯನ್ನು ಹುಡುಕಿದ. ಅದು ಅವನ ಹೆಗಲ ಮೇಲೆಯೇ ಇತ್ತು.

“ನಂಗೆ ಗೊತ್ತಾಗ್ಲಿಲ್ಲ,” ಎಂದ. “ತಪ್ಪು ನಂದೇ.”

ಬೀರಪ್ಪ ಬಯ್ಯಲಿಲ್ಲ. ಮುದುಕರಿಗೆ ಏನಾದರೂ ಆಗಿದ್ದರೆ ಎಂದಷ್ಟೇ ಹೇಳಿ ಕಾರು ತೆಗೆದುಕೊಂಡು ಹೋದ. ಆದರೆ ಬಾಡಿಗೆ ಕಾರಿನವರು ನಿಲ್ಲುವ ಜಾಗದಲ್ಲಿ ಮಾತು ಹರಡಲು ಎಷ್ಟು ಹೊತ್ತು. ತಿಮ್ಮಪ್ಪನಿಗೆ ಹೊಸ ಗಾಡಿಗಳು ತಿಳಿಯುವುದಿಲ್ಲ, ಫೋನು ಹಿಡಿದು ಆಟವಾಡುತ್ತಾನೆ, ಏನಿದ್ದರೂ ಶ್ರೀಧರನ ಹತ್ತಿರವೇ ಕೇಳಬೇಕು ಎಂದು ಹೊನ್ನಾವರದವರೆಗೂ ಸುದ್ದಿಯಾಯಿತು.

ಮರುದಿನ ಬೆಳಿಗ್ಗೆ ಶ್ರೀಧರ ಕ್ಯಾಬಿನ್ನಿನ ಕೀಲಿಯನ್ನು ತಿಮ್ಮಪ್ಪನ ಅಂಗೈಯಲ್ಲಿಟ್ಟ.

“ಇನ್ನು ಒಳಗೆ ನೀನೇ ಕೂತ್ಕೊ. ನಿಂಗೆ ಓದೂಕೆ ಬರ್ತದಲ್ಲ. ಗಿರಾಕಿಗೆ ಎಂತ ಹೇಳ್ಬೇಕು ಅಂತ ನಾ ಹೇಳ್ತೆ,” ಎಂದ.

ಬೇಡ ಎನ್ನಲು ಬಾಯಿ ತೆರೆದವನಿಗೆ ಬಾವಿಕಟ್ಟೆಯ ಹತ್ತಿರ ಅಕ್ಕ ಕಂಡಳು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ನೆಮ್ಮದಿ ಇತ್ತು. ತಿಮ್ಮಪ್ಪ ಒಳಗೆ ಹೋಗಿ ಕೂತ. ಗಾಜಿನೊಳಗೆ ಅಂಗಳದ ಸದ್ದು ಒಂದೂ ಕೇಳಿಸುತ್ತಿರಲಿಲ್ಲ.

ಮೂರನೇ ದಿನ ಕುಮಟಾ ಕಡೆಯ ಒಬ್ಬ ಗುತ್ತಿಗೆದಾರ ಹಳದಿ ದೀಪ ಹತ್ತಿದ ಕಾರು ತಂದ. ತಿಮ್ಮಪ್ಪ ಪರದೆ ನೋಡಿದ. ಹಳೆಯ ಒಂದು ನಂಬರು, ಧೂಳು ಕೂತ ಏರ್ ಫಿಲ್ಟರಿನಿಂದ ಬಂದದ್ದು. ಶ್ರೀಧರ ಅವನ ಕುರ್ಚಿಯ ಹಿಂದೆಯೇ ನಿಂತಿದ್ದ.

ತಿಮ್ಮಪ್ಪ ಗಿರಾಕಿಯನ್ನು ನೋಡಿ, “ದೊಡ್ಡದು ಎಂತದೂ ಇಲ್ಲ. ಫಿಲ್ಟರ್ ಹೊಲಸಾಗಿದೆ, ಬದಲಾಯಿಸಿದ್ರೆ ಆತು,” ಎಂದ.

ಶ್ರೀಧರ ಮೈದುನನ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟ. ಇವನು ಈಗಷ್ಟೇ ಕಲಿಯುತ್ತಿದ್ದಾನೆ, ಬೇಸರ ಮಾಡಿಕೊಳ್ಳಬೇಡಿ ಎಂದು ನಕ್ಕು, ಬಾಗಿ ಪರದೆ ನೋಡಿ, ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೋ ಹೋಗಿದೆ, ಬಿಚ್ಚಬೇಕಾಗುತ್ತದೆ ಎಂದ. ಗುತ್ತಿಗೆದಾರ ಇಬ್ಬರ ಮುಖವನ್ನೂ ನೋಡಿದ. ಬೀರಪ್ಪನ ಕಾರಿನದ್ದು ತಾನೂ ಕೇಳಿದ್ದೇನೆ, ನೀವು ಹೇಳಿದಂತೆಯೇ ಆಗಲಿ ಎಂದು ಶ್ರೀಧರನಿಗೆ ಹೇಳಿ ಕೀಲಿ ಕೊಟ್ಟು ಹೋದ. ತಪ್ಪು ತನ್ನದೇ ಎಂದು ಸುಳ್ಳು ಹೇಳಿದಾಗ ನಂಬಿದ ಜನ ಈಗ ನಿಜವನ್ನು ನಂಬಲಿಲ್ಲ. ಹಾಗೆ ಮಾಡಿಕೊಂಡವನು ತಾನೇ ಎಂದು ತಿಮ್ಮಪ್ಪನಿಗೆ ಅನಿಸಿ ಕಿವಿ ಬಿಸಿಯಾಯಿತು.

ಟರ್ಬೋ ಬಿಚ್ಚಲು ಬಾವ ಅವನನ್ನೇ ಕರೆದ. ತಿಮ್ಮಪ್ಪ ಬಾನೆಟ್ಟಿನ ಮುಂದೆ ಸ್ಪ್ಯಾನರ್ ಹಿಡಿದು ಬಹಳ ಹೊತ್ತು ನಿಂತ. ಕೊನೆಗೆ ಅದನ್ನು ಬಂಪರಿನ ಮೇಲಿಟ್ಟ.

“ಬಾವ, ನಾ ಇದನ್ನ ಬಿಚ್ಚೂದಿಲ್ಲ. ಇನ್ನು ಇಂಥದ್ದು ಯಾವ್ದನ್ನೂ ಬಿಚ್ಚೂದಿಲ್ಲ. ನೀವು ಇರು ಅಂದ್ರೆ ಇರ್ತೆ, ಹೋಗು ಅಂದ್ರೆ ಹೋಗ್ತೆ.”

ಶ್ರೀಧರ ಅವನನ್ನು ಹೋಗು ಎನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ. ಆಚೆ ಟಯರ್ ಬಿಚ್ಚುತ್ತಿದ್ದ ಇನ್ನೊಬ್ಬ ಮೆಕ್ಯಾನಿಕ್ ಶಿವನನ್ನು ಕರೆದ. ಶಿವ ಒಂದು ಗಳಿಗೆ ತಿಮ್ಮಪ್ಪನನ್ನು ನೋಡಿ, ಬಂಪರಿನ ಮೇಲಿದ್ದ ಸ್ಪ್ಯಾನರನ್ನೇ ಎತ್ತಿಕೊಂಡ.

ಇದು ಕಳೆದು ಈಗ ಒಂದು ವರ್ಷ. ಕ್ಯಾಬಿನ್ನಿನ ಕೀಲಿ ಮತ್ತೆ ಶ್ರೀಧರನ ಜೇಬಿಗೆ ಸೇರಿದೆ. ತಿಮ್ಮಪ್ಪ ಹಳೆಯ ಜೀಪು, ಗೂಡ್ಸ್ ರಿಕ್ಷಾ, ಗದ್ದೆಯ ಟಿಲ್ಲರುಗಳ ಕೆಲಸ ಮಾತ್ರ ಮಾಡುತ್ತಾನೆ. ಅವಕ್ಕೆ ಕಂಪ್ಯೂಟರಿಲ್ಲ, ಅವುಗಳ ಮೇಲೆ ಸುಳ್ಳು ಹೇಳಲು ಯಾರಿಗೂ ಬರುವುದಿಲ್ಲ. ಅಂಥ ಗಾಡಿಗಳು ವಾರಕ್ಕೆ ಎರಡೋ ಮೂರೋ ಬಂದರೆ ಹೆಚ್ಚು. ಉಳಿದ ಹೊತ್ತು ಅಂಗಳದ ಆ ಬದಿಯಲ್ಲಿ ಕೂತು ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆಯುತ್ತಾನೆ. ಬೇರೆ ಊರಿನಲ್ಲಿ ಕೆಲಸ ನೋಡೋಣ ಎಂದು ಹೆಂಡತಿ ಆಗಾಗ ಹೇಳುತ್ತಾಳೆ. ನೋಡೋಣ ಎಂದು ಅವನೂ ಹೇಳುತ್ತಾನೆ. ಅಕ್ಕ ತಮ್ಮ ಈಗ ಊಟ ತಿಂಡಿಯ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಮೊನ್ನೆ ವಸಂತಿಯ ಕಾರು ಮತ್ತೆ ಬಂದು ಕ್ಯಾಬಿನ್ನಿನ ಪಕ್ಕ ನಿಂತಿತು. ಅವಳು ಇಳಿದು ತಿಮ್ಮಪ್ಪನನ್ನು ಗುರುತು ಹಿಡಿದು ಕೈಯೆತ್ತಿದಳು. ಅವನು ತೊಳೆಯುತ್ತಿದ್ದ ಬೇರಿಂಗನ್ನು ಕೆಳಗಿಟ್ಟು ಎದ್ದು ನಿಂತ. ಎರಡು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಶ್ರೀಧರ, ಬನ್ನಿ ಸಿಸ್ಟರ್ ಎಂದು ಕರೆದ. ಅವಳು ಒಳಗೆ ಹೋದಳು.